ಬಾಚಿಯ ಎಡಗೈ ಕಾದ ಆಟ

ಬಾಚಿ ಎನ್ನುವುದು ಹಲ್ಲಿನ ಸೆಟ್ ಮಾಡುವ ನಮ್ಮ ಲ್ಯಾಬಿನವರು ಅವನಿಗೆ ಇಟ್ಟ ಹೆಸರು. ದಿನವಿಡೀ ಊರಿನವರಿಗೆ ಸಾಲಾಗಿ ಹಲ್ಲು ಜೋಡಿಸಿಕೊಡುವವನ ಬಾಯಲ್ಲೇ ಮುಂದಿನ ಎರಡು ಹಲ್ಲು ಯಾರನ್ನೋ ಎದುರುಗೊಳ್ಳಲು ಹೊರಗೆ ಬಂದು ನಿಂತ ಹಾಗಿದ್ದವು. ಅವನಿಗೆ ಅದರ ಬಗ್ಗೆ ಬೇಜಾರಿರಲಿಲ್ಲ. “ಪುಣ್ಯಕ್ಕೆ ನಂದು ಒಳಗಡೆ ಕೂತು ಮಾಡೋ ಕೆಲಸ ಅಕ್ಕ, ಕೌಂಟರಲ್ಲಿ ನಿಂತಿದ್ರೆ ಬಂದೋರು ಬಾಯಿ ಮುಚ್ಕೊಂಡು ವಾಪಸ್ ಹೋಗ್ತಿದ್ರು” ಎಂದು ತಾನೇ ಮೊದಲು ನಗುತ್ತಿದ್ದ. ನಾನು ಅವನ ಪಕ್ಕದ ಮೇಜಿನವಳು. ಅವನು ಮೇಣದಲ್ಲಿ ಹಲ್ಲು ಕೂರಿಸುತ್ತಾನೆ, ಅದು ಅಕ್ರಿಲಿಕ್ ಪ್ಲಾಸ್ಟಿಕ್ ಆಗಿ ಬಂದ ಮೇಲೆ ನಾನು ಮೋಟಾರಿಗೆ ಹಿಡಿದು ಪಾಲಿಶ್ ಮಾಡುತ್ತೇನೆ. ಹದಿನಾಲ್ಕು ವರ್ಷ ಹೀಗೇ ಕೂತಿದ್ದೇವೆ. ನನ್ನ ಬಾಯಿ ಜೋರು, ಅವನದು ಮೆದು, ಅದಕ್ಕೇ ಜಗಳವಾಗಿಲ್ಲ.

ಒಂದು ಬೆಳಿಗ್ಗೆ ಯಾರದೋ ಬಾಯಿಯ ಅಚ್ಚಿನಿಂದ ಎರೆದು ಅವನ ಎಡಗೈಯಲ್ಲಿದ್ದ ಪ್ಲಾಸ್ಟರ್ ದವಡೆ ಜಾರಿ ನೆಲಕ್ಕೆ ಬಿದ್ದು ಮೂರು ಚೂರಾಯಿತು. ಆ ವಾರದಲ್ಲಿ ಅದು ಎರಡನೆಯದು. ನನಗೆ ರೇಗಿತು. “ರಾತ್ರಿಯೆಲ್ಲ ವಿಡಿಯೋ ಗೇಮ್ ಆಡ್ಕೊಂಡು ಬಂದು ಇಲ್ಲಿ ತೂಕಡಿಸ್ತೀಯೇನೋ?” ಎಂದೆ.

“ಗೇಮ್ ಆಡಿ ಹನ್ನೊಂದು ವರ್ಷ ಆಯ್ತು ಅಕ್ಕ” ಎಂದ ಚೂರು ಆರಿಸುತ್ತಾ. “ಆದ್ರೆ ನಮ್ಮ ಆಟ ಈಗ ಮತ್ತೆ ಬರ್ತಾ ಇದೆ. ಕಂಪನಿಯವರು ನಿನ್ನೆ ಹೇಳಿದ್ರು.”

ಅವನ ಮುಖ ಅರಳಿತ್ತು. ಒಡೆದ ದವಡೆ ಯಾರದು, ಲ್ಯಾಬಿನ ಮೇಡಂಗೆ ಏನು ಹೇಳಬೇಕು, ಒಂದರ ಪರಿವೆಯೂ ಇರಲಿಲ್ಲ. ಆ ದಿನ ಮೋಟಾರಿನ ಸದ್ದಿನ ಮಧ್ಯೆ ಅವನು ಹೇಳಿದ್ದನ್ನು ನಾನು ಅರ್ಧಂಬರ್ಧ ಕೇಳಿಸಿಕೊಂಡೆ. ಉಳಿದರ್ಧ ಆಮೇಲೆ ಬೇಕಾದಷ್ಟು ಸಲ ಕೇಳಿದ್ದೇನೆ.

ಅವನಿಗೆ ಹನ್ನೆರಡು, ತಂಗಿಗೆ ಒಂಬತ್ತು ವರ್ಷವಿದ್ದಾಗ ಅವರಪ್ಪ ಯಾರೋ ಆಡಿ ಬಿಟ್ಟ ಗೇಮ್ ಪೆಟ್ಟಿಗೆಯೊಂದನ್ನು ಮನೆಗೆ ತಂದಿದ್ದರು. ಅದರ ಜೊತೆ ಇದ್ದದ್ದು ಒಂದೇ ಆಟ, ಎರಡು ಕೈಯಲ್ಲಿ ಹಿಡಿದು ಆಡುವ ಒಂದೇ ಕಂಟ್ರೋಲರ್. ಆಟದಲ್ಲಿ ಟೋಪಿ ಹಾಕಿಕೊಂಡ ಒಬ್ಬ ಹುಡುಗಿ, ಅಪ್ಪನ ಮುಳುಗಿದ ಹಡಗನ್ನು ಹುಡುಕಿಕೊಂಡು ದ್ವೀಪ ದ್ವೀಪ ಅಲೆಯುವವಳು. ಅಣ್ಣ ತಂಗಿ ಕಂಟ್ರೋಲರಿಗಾಗಿ ಕೂದಲು ಕಿತ್ತುಕೊಂಡು ಹೊಡೆದಾಡಿದಾಗ ಅವರಮ್ಮ ಅಲ್ಲೇ ತೀರ್ಪು ಕೊಟ್ಟರಂತೆ: ಎಡಭಾಗ ಇವನು ಹಿಡಿಯಬೇಕು, ಬಲಭಾಗ ಅವಳು. ಎಡಗಡೆ ಹೆಬ್ಬೆರಳಲ್ಲಿ ಹೊರಳಿಸುವ ಪುಟ್ಟ ಸ್ಟಿಕ್ ಟೋಪಿಯವಳನ್ನು ನಡೆಸುತ್ತದೆ. ಬಲಗಡೆಯದು ಅವಳ ನೋಟವನ್ನು ತಿರುಗಿಸುತ್ತದೆ, ನೆಗೆಯುವ, ಹೊಡೆಯುವ ಗುಂಡಿಗಳೂ ಅಲ್ಲೇ. ಹೀಗೆ ಒಂದು ಹುಡುಗಿಯನ್ನು ಇಬ್ಬರು ಹಂಚಿಕೊಂಡರು. ಹದಿನಾರು ವರ್ಷದಲ್ಲಿ ಒಂಬತ್ತು ಭಾಗಗಳು ಬಂದವು, ಒಂಬತ್ತನ್ನೂ ಹೀಗೇ ಭುಜಕ್ಕೆ ಭುಜ ಅಂಟಿಸಿ ಕೂತು ಮುಗಿಸಿದರು. ಆಮೇಲೆ ಆಟ ಮಾಡುವ ಕಂಪನಿಯೇ ಬಾಗಿಲು ಹಾಕಿತು. ತಂಗಿ ಮದುವೆಯಾಗಿ ದೂರದ ಊರಿಗೆ ಹೋಗಿ ಶಾಲಾ ಬಸ್ಸು ಓಡಿಸತೊಡಗಿದಳು. ಇಬ್ಬರಿಗೂ ಒಬ್ಬೊಬ್ಬರೇ ಆಡಲು ಬರುತ್ತಿರಲಿಲ್ಲ.

ಈಗ ಇನ್ನೊಂದು ಕಂಪನಿ ಅದನ್ನು ಕೊಂಡು ರೀಬೂಟ್ ಮಾಡುತ್ತಿತ್ತು. “ರೀಬೂಟ್ ಅಂದ್ರೆ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡೋದಲ್ವೇನೋ?” ಎಂದೆ.

“ಅಲ್ಲ ಅಕ್ಕ. ಹಳೇ ಸೆಟ್ ರಿಪೇರಿ ಮಾಡೋದು ಬಿಟ್ಟು ಹೊಸದಾಗಿ ಅಚ್ಚು ತಗೋತೀವಲ್ಲ, ಹಾಗೆ. ಬಾಯಿ ಅದೇ, ಹಲ್ಲು ಹೊಸದು. ಟೋಪಿಯವಳು ಮೊದಲ ಸಲ ಮನೆ ಬಿಟ್ಟು ಹೊರಡ್ತಾಳಲ್ಲ, ಅಲ್ಲಿಂದ ಶುರು.” ಇನ್ನು ಒಂಬತ್ತು ತಿಂಗಳಿಗೆ ಬಿಡುಗಡೆಯಂತೆ. ತಂಗಿ ಫೋನಿನಲ್ಲಿ ಕಿರುಚಿಕೊಂಡಳಂತೆ. ಹತ್ತು ದಿನ ರಜೆ ಹಾಕಿ ಬಂದು ಕೂರುತ್ತೇನೆ, ಗಂಡ ಮಕ್ಕಳು ಬೇಯಿಸಿಕೊಂಡು ತಿನ್ನಲಿ ಎಂದಳಂತೆ.

ಆ ವಾರವೇ ನಾನು ಅವನನ್ನು ಬೈದು ಡಾಕ್ಟರ ಹತ್ತಿರ ಅಟ್ಟಿದೆ. ದವಡೆ ಒಡೆಯುವುದು ನಿಲ್ಲಲಿ ಎಂದಷ್ಟೇ ನನ್ನ ಉದ್ದೇಶ. ಅವನು ತಂದ ಸುದ್ದಿ ಬೇರೆ. ನರಗಳು ಸೋಲುತ್ತಿವೆ, ಮಾಂಸಖಂಡ ಕರಗುತ್ತದೆ, ಔಷಧವಿಲ್ಲ. ಎಡಗೈ ಹೆಚ್ಚೆಂದರೆ ಒಂದು ವರ್ಷ, ಅದರ ಮುಂದಿನದನ್ನು ಡಾಕ್ಟರು ಹೇಳಲಿಲ್ಲ, ಇವನೂ ಕೇಳಲಿಲ್ಲ. ಕೇಳಿದ್ದು ಒಂದೇ: “ಒಂಬತ್ತು ತಿಂಗಳು ಗ್ಯಾರಂಟಿನಾ?”

ನನಗೆ ಅಳು ಬರುವ ಮೊದಲು ಸಿಟ್ಟು ಬಂತು. ಜೀವಕ್ಕೇ ಕುತ್ತು ಬಂದಿರುವಾಗ ಆಟದ ಲೆಕ್ಕ ಹಾಕುತ್ತಾನಲ್ಲ, ಇವನಿಗೇನು ತಲೆ ನೆಟ್ಟಗಿದೆಯೇ? “ಮೊದಲು ತಂಗಿಗೆ ಹೇಳು” ಎಂದೆ.

“ಹೇಳಲ್ಲ ಅಕ್ಕ. ಹೇಳಿದ್ರೆ ಅವಳು ನನ್ನ ನೋಡೋಕೆ ಬರ್ತಾಳೆ. ಹಣ್ಣು ತಗೊಂಡು, ಕಣ್ಣು ಒರೆಸ್ಕೊಂಡು. ಹೇಳದೆ ಇದ್ರೆ ಆಡೋಕೆ ಬರ್ತಾಳೆ. ಒಂದೇ ಒಂದು ಸಲ ಅವಳ ಜೊತೆ ಮೊದಲಿನ ಹಾಗೆ ಆಡಿ ಮುಗಿಸಿಬಿಡ್ತೀನಿ. ಆಮೇಲೆ ನಾನೇ ಹೇಳ್ತೀನಿ. ಅಲ್ಲಿವರೆಗೆ ನೀವು ಬಾಯಿ ಬಿಡಬಾರದು.” ನಾನು ಒಪ್ಪಿದೆ. ಜೋರು ಬಾಯಿಯವಳು ಬಾಯಿ ಮುಚ್ಚಿಕೊಂಡದ್ದು ಅದೊಂದೇ ಸಲ, ಅದೂ ಮುಚ್ಚಬಾರದ ಕಡೆ.

ಏಳನೆಯ ತಿಂಗಳಲ್ಲಿ ಕಂಪನಿಯವರು ನಾಲ್ಕು ಸಾಲಿನ ಪ್ರಕಟಣೆ ಹಾಕಿದರು. ಆಟವನ್ನು ಇನ್ನಷ್ಟು ಚೆನ್ನಾಗಿ ಮಾಡಬೇಕಾಗಿದೆ, ಬಿಡುಗಡೆ ಐದು ತಿಂಗಳು ಮುಂದಕ್ಕೆ ಹೋಗಿದೆ, ಅಭಿಮಾನಿಗಳು ಸಹಕರಿಸಬೇಕು. ಬಾಚಿ ಅದನ್ನು ಮೇಣದ ಒಲೆಯ ಪಕ್ಕ ನಿಂತು ಓದಿದ. ಮೇಣ ಕುದಿದು ಉಕ್ಕಿದರೂ ಅವನು ಅಲ್ಲಾಡಲಿಲ್ಲ. ಅಷ್ಟರಲ್ಲಿ ಅವನ ಹೆಬ್ಬೆರಳಿಗೆ ಶರ್ಟಿನ ಗುಂಡಿ ಹಾಕುವ ಶಕ್ತಿಯೂ ಇರಲಿಲ್ಲ. ಸಂಜೆ ತಂಗಿಯ ಫೋನು. ಅವಳ ಗಂಟಲು ಬಸ್ಸಿನ ಹಾರನ್ನಿಗೆ ಸಮ, ನನ್ನ ಮೇಜಿನವರೆಗೂ ಕೇಳಿಸಿತು: “ಬಿಡೋ, ನಿಧಾನವಾಗಿ ಮಾಡ್ಲಿ, ಚೆನ್ನಾಗಿ ಬರುತ್ತೆ. ಹನ್ನೊಂದು ವರ್ಷ ಕಾದಿದೀವಿ, ಐದು ತಿಂಗಳು ಯಾವ ಲೆಕ್ಕ?” ಇವನು “ಹೌದೌದು” ಎಂದ. ಫೋನಿಟ್ಟ ಮೇಲೆ ಮೇಜಿನ ಮೇಲೆ ತಲೆಯಿಟ್ಟ.

ಮರುದಿನ ತಲೆಯೆತ್ತಿದಾಗ ಕಣ್ಣಲ್ಲಿ ಏನೋ ಹಟ. “ಅಕ್ಕ, ಬಾಯಲ್ಲಿ ಹಲ್ಲಿಲ್ಲದೋರಿಗೆ ನಾವು ಹಲ್ಲು ಕೊಡ್ತೀವಿ. ಒಂದು ಹೆಬ್ಬೆರಳು ಕೊಡೋಕೆ ಆಗಲ್ವಾ?”

ಹೆಬ್ಬೆರಳಿನಿಂದ ಮುಂಗೈವರೆಗೆ ಅಚ್ಚು ತೆಗೆದೆವು. ಪ್ಲಾಸ್ಟರ್ ಸುರಿದು, ಮೇಣ ಹಚ್ಚಿ, ಬೇಯಿಸಿ, ಸೆಟ್ಟಿನ ವಸಡಿಗೆ ಹಾಕುವ ಅದೇ ಗುಲಾಬಿ ಅಕ್ರಿಲಿಕ್‌ನಲ್ಲಿ ಒಂದು ಕವಚ ಮಾಡಿದೆವು. ಅದರ ತುದಿ ಕಂಟ್ರೋಲರಿನ ಎಡ ಸ್ಟಿಕ್ಕಿನ ತಲೆಗೆ ಟೋಪಿಯ ಹಾಗೆ ಕೂರುತ್ತಿತ್ತು. ಹೆಬ್ಬೆರಳು ಸುಮ್ಮನಿದ್ದರೂ ಮೊಣಕೈಯಿಂದ ತೋಳು ತಳ್ಳಿದರೆ ಸ್ಟಿಕ್ ಹೊರಳಬೇಕು. ನಾನು ಅದನ್ನು ಹೊಳೆಯುವಂತೆ ಪಾಲಿಶ್ ಮಾಡಿಕೊಟ್ಟೆ. ಯಾರದೋ ದೊಡ್ಡ ವಸಡು ಕೈಗೆ ಅಂಟಿಕೊಂಡ ಹಾಗಿತ್ತು, ಇಬ್ಬರೂ ನಕ್ಕೆವು.

ಪರೀಕ್ಷೆ ಮಾಡಲು ಬಲಗೈಯವರು ಬೇಕಲ್ಲ. ಭಾನುವಾರ ಮಧ್ಯಾಹ್ನ ಅವನ ಎರಡನೇ ಮಹಡಿಯ ಕೋಣೆಗೆ ಹೋಗಿ, ಸೋಫಾದಲ್ಲಿ ಅವನ ಬಲಕ್ಕೆ ಕೂತು, ಐವತ್ಮೂರನೆಯ ವಯಸ್ಸಿನಲ್ಲಿ ನಾನು ಮೊದಲ ಬಾರಿ ವಿಡಿಯೋ ಗೇಮ್ ಮುಟ್ಟಿದೆ. ಹಳೆಯ ಮೂರನೇ ಭಾಗ ಹಾಕಿದ. ಅವನು ಟೋಪಿಯವಳನ್ನು ಬಂಡೆಯ ಅಂಚಿಗೆ ನಡೆಸಿದ, ನಾನು ಹೊಡೆಯುವ ಗುಂಡಿ ಒತ್ತಿದೆ, ಪಾಪದವಳು ಗಾಳಿಗೆ ಕತ್ತಿ ಬೀಸಿ ಕೆಳಗೆ ಬಿದ್ದಳು. “ಅಕ್ಕ, ನೆಗೆಯೋದು ಕೆಳಗಿನ ಗುಂಡಿ!” “ನೀನು ನಿಲ್ಲಿಸ್ಬೇಕಿತ್ತು ಕಣೋ!” ಆದರೂ ಕವಚ ಕೆಲಸ ಮಾಡಿತು. ನಡಿಗೆ ಕುಡುಕನ ನಡಿಗೆಯಾಗಿತ್ತು, ಆದರೆ ನಡೆದಳು. ಅವತ್ತು ಅವನು ಅತ್ತುಬಿಟ್ಟ, ಎಡತೋಳಿಗೆ ಆಸರೆ ಕೊಟ್ಟಿದ್ದ ಬಲಗೈಗೂ ಮೂಗು ಒರೆಸಲು ಬಿಡುವಿರಲಿಲ್ಲ.

ಆಮೇಲೆ ಪ್ರತಿ ಭಾನುವಾರವೂ ಹೋದೆ. ಕೈ ಪಳಗಿರಲಿ ಎಂದು ಅವನ ಆಸೆ. ಐದನೇ ವಾರ ಕವಚ ಸಡಿಲವಾಗಿ ಬೆರಳಿನ ಸುತ್ತ ಗಿರಕಿ ಹೊಡೆಯತೊಡಗಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಹಲ್ಲು ಕಿತ್ತ ಮೇಲೆ ವಸಡು ಕುಗ್ಗುತ್ತಲೇ ಇರುತ್ತದೆ, ಆರುವ ಮೊದಲು ಸೆಟ್ ಮಾಡಿಸಿದರೆ ಸಡಿಲವಾಗುತ್ತದೆ ಎಂದು ಕೌಂಟರಿಗೆ ಬಂದವರಿಗೆಲ್ಲ ಹೇಳುವುದನ್ನು ದಿನಕ್ಕೆ ಹತ್ತು ಸಲ ಕೇಳಿಸಿಕೊಂಡು ಕೂತವರು ನಾವು. ಕರಗುತ್ತಿರುವ ಕೈಗೆ ಅಳತೆ ತೆಗೆಯುವಾಗ ಇಬ್ಬರಿಗೂ ಅದು ಹೊಳೆಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಒಳಗೆ ಹೊಸ ಪದರ ಹಾಕಿದೆವು. ಮತ್ತೆ ಆರು ವಾರಕ್ಕೆ ಇನ್ನೊಂದು. ಪದರ ದಪ್ಪವಾದಷ್ಟೂ ಒಳಗಿನ ಬೆರಳು ಎಷ್ಟು ತೆಳುವಾಗಿದೆ ಎಂದು ನನಗೆ ಗೊತ್ತಾಗುತ್ತಿತ್ತು. ನಾನು ಹೇಳುತ್ತಿರಲಿಲ್ಲ. ಅವನೂ ಉಜ್ಜುವ ಕಾಗದ ಹುಡುಕುವವನಂತೆ ಆಚೆ ತಿರುಗುತ್ತಿದ್ದ.

ಶಾಲೆಗೆ ರಜೆ ಬಂದಾಗ ತಂಗಿ ಫೋನ್ ಮಾಡಿದಳು. “ಒಂದು ವಾರ ಬಂದು ಇರ್ಲೇನೋ? ಬಸ್ಸು ಶೆಡ್ಡಲ್ಲಿದೆ, ನನಗೂ ಬೇಜಾರು.” ಅವನು ನನ್ನ ಕಡೆ ನೋಡಿದ. ಬೇಡವೆಂದು ನಾನೇ ತಲೆ ಅಲ್ಲಾಡಿಸಿದೆ. “ಬೇಡ ಕಣೆ, ಹೊಸದು ಬರೋದು ಶಾಲೆ ನಡೆಯೋವಾಗ. ಈಗ ಖರ್ಚು ಮಾಡ್ಬೇಡ, ರಜೆ ಕೂಡಿಟ್ಕೋ” ಎಂದ. ಒಳ್ಳೆಯ ಉಪಾಯ ಎಂದು ನಾನೂ ಮೆಚ್ಚಿಕೊಂಡೆ.

ಬಿಡುಗಡೆಗೆ ಇನ್ನೊಂದು ತಿಂಗಳಿರುವಾಗ ಎರಡನೆಯ ಪ್ರಕಟಣೆ. ಮತ್ತೆ ಐದು ತಿಂಗಳು. ಗಾಯದ ಮೇಲೆ ಬರೆ ಎಂಬಂತೆ ಅದರ ಜೊತೆ ಒಂದು ಹೊಸ ವಿಡಿಯೋ: ಟೋಪಿಯಿಲ್ಲದ ಹದಿನಾರರ ಹುಡುಗಿ ಮಳೆಯಲ್ಲಿ ಓಡುತ್ತಾಳೆ, ತಿರುಗಿ ನೋಡುತ್ತಾಳೆ, ಅಷ್ಟೇ. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ಅವನು ಅದನ್ನು ಎಷ್ಟು ಸಲ ನೋಡಿದನೋ. ಆಮೇಲೆ ಕಂಪನಿಗೆ ಈಮೇಲ್ ಬರೆಯೋಣ ಎಂದ. ಅವನು ಹೇಳಿದ, ನಾನು ಒಂದು ಬೆರಳಲ್ಲಿ ಕುಟ್ಟಿದೆ. ತನ್ನ ಕಾಯಿಲೆ, ತಂಗಿ, ಎಡಗೈ ಎಲ್ಲ ಬರೆಸಿದ. ‘ಪೂರ್ತಿ ಆಗಿರದಿದ್ದರೂ ಪರವಾಗಿಲ್ಲ, ಮೊದಲ ದ್ವೀಪ ಸಾಕು. ಬಣ್ಣ ಬಳಿಯದಿದ್ದರೂ ನಡೆಯುತ್ತದೆ. ಯಾರಿಗೂ ಹೇಳುವುದಿಲ್ಲ.’ ಯಾರೂ ಓದದೆ ತಾನಾಗಿ ಹೊರಡುವ ಉತ್ತರ ಒಂದೇ ನಿಮಿಷದಲ್ಲಿ ಬಂತು: ನಿಮ್ಮ ಉತ್ಸಾಹಕ್ಕೆ ಧನ್ಯವಾದ, ಮುಂಗಡ ಕಾಯ್ದಿರಿಸಿದರೆ ಹುಡುಗಿಗೆ ಕೆಂಪು ಅಂಗಿ ಉಚಿತ. ನನಗೆ ಆ ಕಂಪ್ಯೂಟರನ್ನು ಕಿಟಕಿಯಿಂದ ಎಸೆಯಬೇಕು ಅನ್ನಿಸಿತು. ಬಾಚಿ ಕೆಂಪು ಅಂಗಿಯನ್ನು ಕಾಯ್ದಿರಿಸಿದ. “ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರಲ್ಲ ಅಕ್ಕ, ಇನ್ನೂ ಒಂದೆರಡು ಹಲ್ಲಿದೆ ನಂಗೆ” ಎಂದ.

ಆ ಒಂದೆರಡೂ ಉದುರಿದವು. ಲ್ಯಾಬಿನ ಕೆಲಸ ಬಿಟ್ಟ. ಬಿಡುಗಡೆಗೆ ಎರಡು ತಿಂಗಳಿರುವಾಗ ಒಂದು ಭಾನುವಾರ ಅವನ ತೋಳು ತಳ್ಳಲಿಲ್ಲ. ಮುಂದಿನ ಭಾನುವಾರವೂ ತಳ್ಳಲಿಲ್ಲ. ನಾಲ್ಕನೆಯ ಪದರ ಹಾಕಿದೆವು, ಪಟ್ಟಿ ಕಟ್ಟಿ ಭುಜದಿಂದ ಎಳೆಯುವ ಹಾಗೆ ಮಾಡಿದೆವು. ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಮಾಡಿದೆವು.

ಕೊನೆಗೂ ಆಟ ಬಂತು, ತಂಗಿಯೂ ಬಂದಳು. ಆ ಮಧ್ಯಾಹ್ನ ನಾನು ಮೊದಲೇ ಹೋಗಿ ಕವಚ ತೊಡಿಸಿ, ಮೇಲೆ ಟವೆಲ್ ಹೊದಿಸಿ, ಅವನನ್ನು ಸೋಫಾದ ಎಡತುದಿಗೆ ಕೂರಿಸಿದ್ದೆ. ಅವಳು ಚೀಲ ಬಾಗಿಲಲ್ಲೇ ಎಸೆದು, “ಎಷ್ಟು ಸಣ್ಣ ಆಗಿದೀಯೋ! ಮಾತು ಆಮೇಲೆ, ಹಾಕು ಮೊದಲು” ಎಂದು ಬಂದು ಬಲಕ್ಕೆ ಕೂತಳು. ಕಂಟ್ರೋಲರಿನ ಬಲಭಾಗ ಹಿಡಿದಳು. ನಾನು ಗೋಡೆಯ ಹತ್ತಿರದ ಕುರ್ಚಿಯಲ್ಲಿದ್ದೆ.

ಪರದೆಯ ಮೇಲೆ ಕೆಂಪು ಅಂಗಿಯ ಹುಡುಗಿ ಒದ್ದೆ ಮರಳಿನಲ್ಲಿ ಎದ್ದು ನಿಂತಳು. ಹಿಂದೆ ಸಮುದ್ರ, ಮುಂದೆ ಕಾಡು.

“ನಡಿ” ಎಂದಳು ತಂಗಿ.

ಹುಡುಗಿ ನಿಂತೇ ಇದ್ದಳು.

“ಏ, ನಡಿಯೋ. ನಿದ್ದೆ ಬಂತಾ?”

“ಮೊದಲು ಸುತ್ತ ನೋಡೆ” ಎಂದ ಬಾಚಿ. “ಎಷ್ಟು ಚೆನ್ನಾಗಿ ಮಾಡಿದಾರೆ ನೋಡು.” ಅವಳು ಸುತ್ತ ತಿರುಗಿಸಿದಳು. ಆಕಾಶ, ಅಲೆ, ದೂರದಲ್ಲಿ ಮುರಿದ ಹಡಗು. ಇನ್ನೊಂದು ಸುತ್ತು ತಿರುಗಿಸಿದಳು. ಅವನ ಭುಜ ಜಗ್ಗುತ್ತಿದ್ದುದು ನನಗೆ ಕಾಣುತ್ತಿತ್ತು, ಹಣೆಯಲ್ಲಿ ಬೆವರು. ಹುಡುಗಿ ಒಮ್ಮೆ ಮುಗ್ಗರಿಸಿ ಎರಡು ಹೆಜ್ಜೆ ನೀರಿನ ಕಡೆ ಹೋಗಿ ಮತ್ತೆ ನಿಂತಳು. ತಂಗಿ ನಗುತ್ತಾ ಅವನ ಕಡೆ ತಿರುಗಿದಳು. ಆಮೇಲೆ ನಗು ನಿಲ್ಲಿಸಿ ಟವೆಲ್ ತೆಗೆದಳು.

ಗುಲಾಬಿ ಕವಚವನ್ನೂ ಅದರೊಳಗಿನ ಕಡ್ಡಿಯಂಥ ಕೈಯನ್ನೂ ಅವಳು ನೋಡಿದಳು. ಅವನು ಎಲ್ಲ ಹೇಳಿದ. ಡಾಕ್ಟರು ಹೇಳಿದ್ದು, ಪ್ರಕಟಣೆಗಳು, ಅಚ್ಚು, ಪದರ. ಅವಳು ಅಳಲಿಲ್ಲ, ಬಸ್ಸಿನ ಗಂಟಲೂ ಇರಲಿಲ್ಲ.

“ಕೈ ಪೂರ್ತಿ ನಿಂತಿದ್ದು ಯಾವಾಗ?”

“ಎರಡು ತಿಂಗಳಾಯ್ತು.”

“ಅಲ್ಲಿವರೆಗೆ ಆಡೋಕೆ ಆಗ್ತಿತ್ತಾ?”

“ಆಗ್ತಿತ್ತು. ನಿಧಾನವಾಗಿ. ಭಾನುವಾರ ಭಾನುವಾರ ಅಕ್ಕನ ಜೊತೆ ಆಡಿ ನೋಡ್ತಿದ್ದೆ.”

ಅವಳು ಒಮ್ಮೆ ನನ್ನನ್ನು ನೋಡಿದಳು, ಆಮೇಲೆ ಟಿವಿಯ ಕೆಳಗೆ ಸಾಲಾಗಿ ಇಟ್ಟಿದ್ದ ಹಳೆಯ ಆಟಗಳ ಡಬ್ಬಿಗಳನ್ನು. “ಒಂಬತ್ತು ಇದ್ವಲ್ಲೋ ಮನೇಲಿ” ಎಂದಳು. “ರಜೇಲಿ ನಾನು ಬರ್ತೀನಿ ಅಂದೆನಲ್ಲೋ. ಯಾವುದಾದ್ರೂ ಒಂದು ಸಾಕಿತ್ತಲ್ಲ ನಮಗೆ.”

ಬಾಚಿ ಆ ಡಬ್ಬಿಗಳ ಕಡೆ ತಿರುಗಿದ. ಅವನಿಗೆ ಇದು ಈವರೆಗೆ ಹೊಳೆದೇ ಇರಲಿಲ್ಲ ಎಂದು ಆ ಮುಖದಲ್ಲಿ ಕಂಡಿತು. ನನಗೂ ಹೊಳೆದಿರಲಿಲ್ಲ. ಅವನ ಕೈಯಲ್ಲಿ ಉಳಿದಿದ್ದ ಆಟವನ್ನೆಲ್ಲ, ಸುಮಾರು ನಲವತ್ತು ಭಾನುವಾರ, ಅವಳ ಜಾಗದಲ್ಲಿ ಕೂತು ಆಡಿ ಮುಗಿಸಿದವಳು ನಾನು.

“ಕೈನ ಹೊಸದಕ್ಕೆ ಅಂತ ಎತ್ತಿಟ್ಟಿದ್ದೆ ಕಣೆ” ಎಂದ ಅವನು.