ಬೋಳು ಚಪ್ಪರ

ಕತ್ತರಿಸಿದ ಅವರೆ ಬಳ್ಳಿಗೆ ಒಂದು ವಾಸನೆ ಇದೆ. ಹಸಿ ಹಸಿ, ಸ್ವಲ್ಪ ಒಗರು, ಕೊಂಚ ಎಣ್ಣೆ ಎಣ್ಣೆ. ಜೀವಮಾನದಲ್ಲಿ ಅದನ್ನು ಎರಡೇ ಸಲ ಮೂಸಿದ್ದೇನೆ. ಮೊದಲನೆಯ ಸಲ ನನಗೆ ಹನ್ನೆರಡು ವರ್ಷ. ಎರಡನೆಯದು ಈವತ್ತು ಬೆಳಿಗ್ಗೆ, ಕಾಫಿ ಲೋಟ ಹಿಡಿದು ಅಡುಗೆಮನೆಯ ಹಿಂಬಾಗಿಲು ತೆಗೆದಾಗ. ಲೋಟ ಎಲ್ಲಿಟ್ಟೆನೋ ಗೊತ್ತಿಲ್ಲ. ಮಧ್ಯಾಹ್ನ ವಾಷಿಂಗ್ ಮೆಷಿನ್ನಿನ ಮೇಲೆ ಸಿಕ್ಕಿತು, ಕಾಫಿಯ ಮೇಲೆ ಕೆನೆ ಕಟ್ಟಿತ್ತು.

ಕೀಲ್ಪಾಕಿನ ಈ ಅಪಾರ್ಟ್‌ಮೆಂಟಿನಲ್ಲಿ ಮಗಳ ಮನೆ ಗ್ರೌಂಡ್ ಫ್ಲೋರಿನಲ್ಲಿದೆ. ಅಡುಗೆಮನೆಗೂ ಕಾಂಪೌಂಡ್ ಗೋಡೆಗೂ ನಡುವೆ ಎರಡು ಮಂಚದಗಲ ಮಣ್ಣು. ಅಲ್ಲೇ ನನ್ನ ರಾಜ್ಯಭಾರ. ಮೂರು ವರ್ಷದ ಹಿಂದೆ ಮೂರನೇ ಮಹಡಿಯ ಶೈಲಜ, ಮಂಡ್ಯ ಕಡೆಯವಳು, ಬ್ಯಾಂಕಿನಲ್ಲಿದ್ದಾಳೆ, ಊರಿಂದ ಬರುವಾಗ ಒಂದು ಹಿಡಿ ಅವರೆ ಬೀಜ ತಂದುಕೊಟ್ಟಳು. "ಆಂಟಿ, ಇಲ್ಲಿ ಬರಲ್ಲ ಅನ್ಸತ್ತೆ, ಟ್ರೈ ಮಾಡಿ" ಅಂದಳು. ಮೊದಲನೇ ವರ್ಷ ಬರೀ ಸೊಪ್ಪು. ಎರಡನೇ ವರ್ಷ ಹನ್ನೊಂದು ಕಾಯಿ. ಒಂದನ್ನೂ ಸಾರಿಗೆ ಹಾಕಲಿಲ್ಲ, ಎಲ್ಲ ಬೀಜಕ್ಕೆ ಬಿಟ್ಟೆ. ಈ ವರ್ಷ, ಇಲ್ಲಿಯವರ ಐಪಸಿ ತಿಂಗಳ ಎರಡನೇ ವಾರಕ್ಕೆ, ಅಂದರೆ ಅಕ್ಟೋಬರ್ ಕೊನೆಗೆ, ಚಪ್ಪರದ ತುಂಬ ಮೊಗ್ಗು. ನಿನ್ನೆ ಸಂಜೆ ಕನ್ನಡಕ ಒರೆಸಿಕೊಂಡು ಎಣಿಸಲು ಹೋಗಿ, ನಲವತ್ತಕ್ಕೆ ಬಂದಾಗ ಸುಮ್ಮನಾದೆ. ದೃಷ್ಟಿಯಾದೀತು ಎಂದು.

ಈವತ್ತು ಬೆಳಿಗ್ಗೆ ನೆಲದಿಂದ ಒಂದು ಗೇಣು ಮೇಲಕ್ಕೆ ಕಚಕ್ ಎಂದು ಕತ್ತರಿಸಿದ್ದಾರೆ. ಎಲೆ ಇನ್ನೂ ಬಾಡಿರಲಿಲ್ಲ. ತಾನು ಸತ್ತದ್ದು ಗೊತ್ತಿಲ್ಲದ ಹಾಗೆ ಬಳ್ಳಿ ಚಪ್ಪರದ ಮೇಲೆ ಹಸಿರಾಗೇ ಮಲಗಿತ್ತು.

ಕಾರಣ ಒಂದು ಪಟ್ಟಿ. ನಮ್ಮ ಅಸೋಸಿಯೇಷನ್ನಿನವರು ಈ ವರ್ಷ ತೋಟವನ್ನು ಯಾವುದೋ ಕಂಪನಿಗೆ ವಹಿಸಿದ್ದಾರೆ. ಹೋದ ವಾರ ಆ ಕಂಪನಿಯವರು ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪಟ್ಟಿ ಹಾಕಿದರು: 'ಆಟಮ್ ಜಾಬ್ಸ್ ಫಾರ್ ಯುವರ್ ಗಾರ್ಡನ್.' ಮೇಲೆ ಕೆಂಪು ಕೆಂಪು ಎಲೆಗಳ ಚಿತ್ರ. ನಾಲ್ಕನೇ ಬಾಬು, ಎಲ್ಲ ಕ್ಲೈಂಬರುಗಳನ್ನೂ ಕಟ್ ಬ್ಯಾಕ್ ಮಾಡತಕ್ಕದ್ದು. ನಾನು ಓದಿ ನಕ್ಕೆ. ನಕ್ಕದ್ದೇ ತಪ್ಪು. ಮಾಡಿಯೇ ಬಿಡುತ್ತಾರೆಂದು ಯಾರಿಗೆ ಗೊತ್ತಿತ್ತು?

ಆಟಮ್! ಚೆನ್ನೈನಲ್ಲಿ! ನೀವೇ ಹೇಳಿ. ಒಂಬತ್ತು ತಿಂಗಳು ಬೆಂದ ಮಣ್ಣಿಗೆ ಈಗ ತಾನೆ ಮಳೆ ಬೀಳುವ ಕಾಲ. ಕಾಂಪೌಂಡ್ ಗೋಡೆಯ ಪಾಚಿ ಕೂಡ ಹಸಿರಾಗುವ ಕಾಲ. ಈ ಊರಿನಲ್ಲಿ ಅಕ್ಟೋಬರಿನಲ್ಲಿ ಏನಾದರೂ ಉದುರುತ್ತಿದ್ದರೆ ಅದು ಆಕಾಶ ಮಾತ್ರ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಡೊಂಕಾಗಿದ್ದರೆ ಹೊಂದಿಕೊಳ್ಳಿ.

ಆದರೆ ಕೂಗಾಡುವ ಹಕ್ಕು ನನಗೆಷ್ಟಿದೆ ಎಂಬುದು ಬೇರೆ ಮಾತು. ಯಾಕೆಂದರೆ ಆ ಪಟ್ಟಿಯನ್ನು ಈ ಊರಿನಲ್ಲಿ ಬಲು ಹಿಂದೆಯೇ ಜಾರಿಗೆ ತಂದವಳು ನಾನೇ.

ಆಗ ಇದು ಮದರಾಸು. ಅಪ್ಪನಿಗೆ ಹಾರ್ಬರ್ ಕಚೇರಿಯಲ್ಲಿ ಕೆಲಸ. ಇದೇ ಕೀಲ್ಪಾಕಿನಲ್ಲಿ ಹೆಂಚಿನ ಬಾಡಿಗೆ ಮನೆ, ಹಿಂದೆ ದೊಡ್ಡ ಹಿತ್ತಲು. ಅಮ್ಮ ಹಾಸನದ ಹತ್ತಿರದ ಹಳ್ಳಿಯವಳು. ಮದುವೆಯಾಗಿ ಬರುವಾಗ ಅವಳ ತಾಯಿ ಸೀರೆಯ ಮಡಿಲಿಗೆ ತೆಂಗಿನಕಾಯಿಯ ಜೊತೆಗೆ ಒಂದು ಸೇರು ಅವರೆ ಬೀಜ ಹಾಕಿದ್ದರಂತೆ. ಮಂಜು ಬೀಳದ ಈ ಊರಿನಲ್ಲಿ ಆ ಬಳ್ಳಿ ಮೈತುಂಬ ಹೂ ಬಿಡಲು ಐದು ವರ್ಷ ಹಟ ಮಾಡಿತಂತೆ. ಪ್ರತಿ ವರ್ಷ ಯಾವ ಬಳ್ಳಿ ಮೊದಲು ನಾಲ್ಕು ಕಾಯಿ ಬಿಟ್ಟಿತೋ ಅದರ ಬೀಜವನ್ನೇ ಬೂದಿಯಲ್ಲಿ ಕಲಸಿ ಇಟ್ಟು, ಮುಂದಿನ ಆಡಿಯಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಬಿತ್ತಿ, ಹೀಗೆ ಮಾಡಿ ಮಾಡಿ, ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅಮ್ಮನ ಅವರೆ ಮದರಾಸು ಕಲಿತಿತ್ತು. ಅಮ್ಮ ಮಾತ್ರ ಕಲಿತಿರಲಿಲ್ಲ. ಹಾಲಿನವಳ ಹತ್ತಿರವೂ ಕನ್ನಡವೇ. "ನಂಗಿಂತ ಬಳ್ಳಿ ಜಾಣೆ ಕಣೇ. ಅದು ಇಲ್ಲಿನ ಬಿಸಿಲಿನ ಜೊತೆ ಮಾತಾಡತ್ತೆ" ಎನ್ನುತ್ತಿದ್ದಳು. ಮಾರ್ಗಳಿ ತಿಂಗಳಲ್ಲಿ, ನಮ್ಮ ಧನುರ್ಮಾಸದಲ್ಲಿ, ಆ ಕಾಯಿ ಬಿಡಿಸಿದರೆ ಬೆರಳಿಗೆ ಅಂಟುವ ಸೊಗಡು ಎರಡು ದಿನ ಹೋಗುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ನಾನು ಕೈಯನ್ನು ಡೆಸ್ಕಿನ ಕೆಳಗೆ ಬಚ್ಚಿಟ್ಟುಕೊಳ್ಳುತ್ತಿದ್ದೆ. ಪಕ್ಕದವಳು ಮೂಗು ಮುಚ್ಚಿಕೊಳ್ಳುತ್ತಾಳೆ ಎಂದು.

ಐಪಸಿ ಬಂತೆಂದರೆ ಅಮ್ಮನಿಗೆ ಸೊಂಟ ನೆಟ್ಟಗೆ ಮಾಡಲು ಪುರಸೊತ್ತಿಲ್ಲ. ಮಳೆಗೆ ಮುಂಚೆ ಚರಂಡಿ ಬಿಡಿಸಬೇಕು, ಬಾಳೆಗೆ ಕವೆಕೋಲು ಊರಬೇಕು, ಅವರೆ ಚಿಗುರಿನ ಹೇನಿಗೆ ಬೂದಿ ಎರಚಬೇಕು. ಎಲ್ಲಕ್ಕಿಂತ ಮುಖ್ಯ, ಗಾಳಿಗೆ ಹಾರಿಹೋಗದಂತೆ ಚಪ್ಪರದ ಗಂಟುಗಳನ್ನು ಹೊಸ ತೆಂಗಿನ ಹಗ್ಗದಿಂದ ಬಿಗಿಯಬೇಕು. ಇವು ನಮ್ಮ ಹಿತ್ತಲಿನ ನಿಜವಾದ ಆಟಮ್ ಜಾಬ್ಸ್. ಇವನ್ನು ಯಾರೂ ಪುಸ್ತಕದಲ್ಲಿ ಬರೆದಿರಲಿಲ್ಲ. ಬರೆಯದಿದ್ದುದರಿಂದ ನನ್ನ ಲೆಕ್ಕದಲ್ಲಿ ಅವು ಕೆಲಸವೇ ಆಗಿರಲಿಲ್ಲ.

ಪುಸ್ತಕದಲ್ಲಿದ್ದದ್ದು ಬೇರೆ. ನಮ್ಮ ನೇಚರ್ ಸ್ಟಡಿಯ ಸಿಸ್ಟರ್ ಯಾವುದೋ ಚಳಿ ದೇಶದಿಂದ ಬಂದವರು. ಬೆವರಿಗೆ ಅವರ ಕತ್ತಿನ ಬಿಳಿ ಪಟ್ಟಿ ಸದಾ ಒದ್ದೆ. ಆ ವರ್ಷ ನಮಗೆ ಹೋಮ್‌ವರ್ಕ್ ಕೊಟ್ಟರು: ಪುಸ್ತಕದ 'ಆಟಮ್' ಪಾಠದಲ್ಲಿರುವ ಕೆಲಸಗಳನ್ನು ಮನೆಯ ತೋಟದಲ್ಲಿ ಮಾಡಿ, ಡೈರಿ ಬರೆದು ತನ್ನಿ. ಪಾಪ, ತಮ್ಮ ಊರು ನೆನಪಾಗಿರಬೇಕು. ಪಾಪ ಎನ್ನುತ್ತಿದ್ದೇನೆ, ನೋಡಿ. ಪಾಪವೂ ಇಲ್ಲ, ಏನೂ ಇಲ್ಲ. ತರಗತಿಯ ಕಿಟಕಿಯಾಚೆ ಒಮ್ಮೆ ಕಣ್ಣು ಹಾಯಿಸಿದ್ದರೆ ಸಾಕಿತ್ತು. ಹಾಯಿಸಲಿಲ್ಲ.

ಒಂದನೆಯ ಕೆಲಸ, ಉದುರಿದ ಎಲೆ ಗುಡಿಸುವುದು. ನಮ್ಮ ಬೇವಿನ ಮರ ಉದುರಿಸಲು ಒಪ್ಪಲಿಲ್ಲ. ನಾನು ದೋಟಿ ತಂದು ಬಡಿದು ಬಡಿದು ಉದುರಿಸಿ, ಆಮೇಲೆ ಗುಡಿಸಿ, 'ಐ ರೇಕ್ಡ್ ದಿ ಫಾಲನ್ ಲೀವ್ಸ್' ಎಂದು ದುಂಡಗೆ ಬರೆದೆ. ಎರಡನೆಯದು, ನೆಲದ ಗೆಡ್ಡೆಗಳನ್ನು ಕಿತ್ತು ಒಣಗಿಸಿ ಇಡುವುದು. ಎಳೆಯ ಅರಿಸಿನದ ಗಿಡ ನಾಲ್ಕು ಕಿತ್ತೆ. ಅಮ್ಮ ನಗುತ್ತಲೇ ಮತ್ತೆ ನೆಟ್ಟಳು. ಮೂರನೆಯದು ಬಳ್ಳಿಗಳನ್ನು ನೆಲದ ಹತ್ತಿರಕ್ಕೆ ಕತ್ತರಿಸುವುದು.

ಆ ದಿನ ಕೃತ್ತಿಕೆ. ಅಮ್ಮ ಪಕ್ಕದ ಮನೆಯವರ ಜೊತೆ ವಡಪಳನಿ ಮುರುಗನ ದೇವಸ್ಥಾನಕ್ಕೆ ಹೋಗಿದ್ದಳು. ಅಪ್ಪನ ದೊಡ್ಡ ಕತ್ತರಿ ಹಿಡಿದು ನಾನು ಏಳು ಬುಡವನ್ನೂ ಕತ್ತರಿಸಿದೆ. ಕಷ್ಟಪಟ್ಟು, ನಾಲಗೆ ಕಚ್ಚಿಕೊಂಡು, ನೀಟಾಗಿ. ಹಿಂದಿನ ವರ್ಷ ಹುಳು ತಿಂದು ಬೀಜ ಕಡಿಮೆಯಾಗಿತ್ತು, ಉಳಿದದ್ದನ್ನೆಲ್ಲ ಅಮ್ಮ ಬಿತ್ತಿಬಿಟ್ಟಿದ್ದಳು. ಡಬ್ಬಿಯಲ್ಲಿ ಬೂದಿ ಬಿಟ್ಟು ಬೇರೇನೂ ಇರಲಿಲ್ಲ. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಿಡುತ್ತಿದ್ದೆನೇ? ಪ್ರಾಮಾಣಿಕವಾಗಿ ಹೇಳುತ್ತೇನೆ, ಇಲ್ಲ. ಪುಸ್ತಕದಲ್ಲಿ ಇತ್ತಲ್ಲ.

ಅಮ್ಮ ಬಂದಳು. ಕೈಯಲ್ಲಿ ವಿಭೂತಿ ಪೊಟ್ಟಣ, ಎರಡು ಬಾಳೆಹಣ್ಣು. ಚಪ್ಪರ ನೋಡಿದಳು, ಪ್ರಸಾದವನ್ನು ಗೋಡೆಯ ಮೇಲಿಟ್ಟು ಕುಕ್ಕುರುಗಾಲಲ್ಲಿ ಕುಳಿತು ಒಂದೊಂದೇ ಬುಡ ಮುಟ್ಟಿದಳು.

"ಯಾರೇ ಹೇಳಿದ್ದು ನಿಂಗೆ?"

"ಸಿಸ್ಟರ್ ಹೇಳಿದಾರೆ. ಆಟಮ್‌ನಲ್ಲಿ ಕ್ಲೈಂಬರ್ಸ್ ಕಟ್ ಮಾಡ್ಬೇಕು."

"ಆಟಮ್ ಅಂದ್ರೆ ಏನು?"

"ಎಲೆ ಎಲ್ಲ ಹಣ್ಣಾಗಿ ಉದುರೋ ಕಾಲಮ್ಮ. ತೋಟ ಎಲ್ಲ ಸಾಯತ್ತೆ."

"ಎಲ್ಲಿ?" ಅಂದಳು ಅಮ್ಮ.

ನಾನು ಸುತ್ತ ನೋಡಿದೆ. ಬಾಳೆ, ಬೇವು, ಅರಿಸಿನ, ಗೋಡೆ ಸಂದಿಯ ಹುಲ್ಲು, ಎಲ್ಲ ಹಸಿರು. ಅಮ್ಮ ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಅಕ್ಕಿ ತೊಳೆದಳು.

ಸಂಜೆ ಅಪ್ಪ ಬಂದು ವಿಷಯ ಕೇಳಿ ನಕ್ಕರು. "ಅವರೆಕಾಯಿ ತಾನೇ? ಕೊತ್ವಾಲ್ ಚಾವಡಿ ಮಾರ್ಕೆಟ್ಟಲ್ಲಿ ಮೂಟೆಗಟ್ಟಲೆ ಸಿಗತ್ತೆ. ಇದಕ್ಕೆ ಮೋರೆ ಯಾಕೆ?"

"ಮೋರೆ ಏನಿಲ್ಲ ರೀ" ಅಂದಳು ಅಮ್ಮ.

ಅಷ್ಟೇ. ನನಗೆ ಒಂದು ಏಟೂ ಬೀಳಲಿಲ್ಲ. ಆ ಏಟಿಗಾಗಿ ನಾನು ಎಷ್ಟು ದಿನ ಕಾದೆನೋ! ಆ ಬೀಜ ಕೊಟ್ಟ ಅಜ್ಜಿ ಆಗಲೇ ತೀರಿಕೊಂಡಿದ್ದರು. ಚಿಕ್ಕಮ್ಮ ಊರಿಂದ ಬೇರೆ ಬೀಜ ಕಳಿಸಿದರು. ಅಮ್ಮ ಅದನ್ನು ಬೇಳೆ ಮಾಡಿ ಬೇಯಿಸಿದಳು, ಬಿತ್ತಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈವತ್ತು ಇಷ್ಟು ಉರಿಯುತ್ತಿರಲಿಲ್ಲವೇನೋ. ಪ್ರೈಜ್ ಡೇಯಲ್ಲಿ ನನ್ನ ಆಟಮ್ ಡೈರಿಗೆ ಫಸ್ಟ್ ಪ್ರೈಜ್ ಬಂತು. ಹೊಂಬಣ್ಣದ ನಕ್ಷತ್ರ ಅಂಟಿಸಿದ ಸರ್ಟಿಫಿಕೇಟು. ಅಮ್ಮ ತನ್ನ ಮದುವೆಯ ಸೀರೆ ಉಟ್ಟು ಮೂರನೇ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದಳು. ಆಮೇಲೆ ಸಿಸ್ಟರ್ ನಮ್ಮ ಹತ್ತಿರ ಬಂದು, "ಯುವರ್ ಡಾಟರ್ ಹ್ಯಾಸ್ ಗ್ರೀನ್ ಫಿಂಗರ್ಸ್" ಅಂದರು. ಅಮ್ಮ ನನ್ನ ಕಡೆ ತಿರುಗಿದಳು. ನಾನೇ ಅನುವಾದ ಮಾಡಬೇಕಲ್ಲ.

"ನಿಮ್ಮ ಮಗಳ ಕೈಯಲ್ಲಿ ಗಿಡ ಚೆನ್ನಾಗಿ ಬರತ್ತೆ, ಅಂತಾರೆ."

ಅಮ್ಮ ನನ್ನ ಕೈ ನೋಡಿದಳು. "ಹೌದು ಅಂತ ಹೇಳು" ಅಂದಳು. ನಾನು ಹೇಳಿದೆ. "ಯೆಸ್ ಸಿಸ್ಟರ್, ಥ್ಯಾಂಕ್ಯೂ ಸಿಸ್ಟರ್."

ಆ ಮನೆ ಬಿಡುವವರೆಗೆ, ಅಂದರೆ ಇನ್ನೂ ಒಂಬತ್ತು ವರ್ಷ, ಹಿತ್ತಲಿನಲ್ಲಿ ಆ ಚಪ್ಪರ ಬೋಳಾಗಿಯೇ ನಿಂತಿತ್ತು. ಕುಂಬಳ ಹಬ್ಬಿಸು, ಹೀರೆ ಹಬ್ಬಿಸು ಎಂದು ಅಪ್ಪ ಹೇಳಿದರೆ, "ಇರ್ಲಿ ಬಿಡಿ" ಎನ್ನುವಳು. ಪ್ರತಿ ಐಪಸಿಯಲ್ಲಿ ಮಾತ್ರ ಹೊಸ ಹಗ್ಗ ತಂದು, ಬೋಳು ಚಪ್ಪರದ ಗಂಟುಗಳನ್ನು ಒಂದೊಂದಾಗಿ ಬಿಗಿಯುವಳು. ಮಳೆಗಾಳಿಗೆ ಊರಿನ ಹುಲ್ಲು ಮಾಡೆಲ್ಲ ಹಾರಿದರೂ ಅದು ಅಲುಗಲಿಲ್ಲ. ನಾನು ಮದುವೆಯಾಗಿ ಹೊರಡುವ ದಿನವೂ ಬಚ್ಚಲಿಗೆ ಹೋಗುತ್ತ ಅದರ ಪಕ್ಕದಲ್ಲೇ ಹಾಯ್ದೆ. ಅಮ್ಮನ ದುಃಖ ಎಂದುಕೊಂಡಿದ್ದೆ ಅದನ್ನು. ಇಷ್ಟು ವರ್ಷ ಹಾಗೇ ಅಂದುಕೊಂಡು, ಎಲ್ಲರ ಹತ್ತಿರ ಹಾಗೇ ಹೇಳಿಕೊಂಡು ಬಂದೆ. ಮೈ ಮದರ್ ವಾಸ್ ಎ ಸೇಂಟ್, ಒಂದು ಮಾತೂ ಆಡಲಿಲ್ಲ, ಎಂದು.

ಇರಲಿ, ಈವತ್ತಿನ ಬೆಳಿಗ್ಗೆಗೆ ಬರೋಣ. ಕತ್ತರಿ ಹಿಡಿದು ನಿಂತಿದ್ದವಳು ಕಂಪನಿಯ ಸೂಪರ್‌ವೈಸರ್ ಹುಡುಗಿ, ಕಯಲ್ ಅಂತ ಹೆಸರು, ಇಪ್ಪತ್ತೈದು ಇರಬಹುದು. ಹಸಿರು ಟಿ-ಶರ್ಟು, ಇನ್ನೊಂದು ಕೈಯಲ್ಲಿ ಫೋನು. ನನ್ನ ಮುಖ ನೋಡಿದವಳೇ ಫೋನು ಮುಂದೆ ಹಿಡಿದಳು. "ಪಾಟಿ, ಲಿಸ್ಟ್‌ಲ ಇರುಕ್ಕು." ಪಟ್ಟಿಯಲ್ಲಿದೆ, ಅಜ್ಜಿ.

ಸಿಟ್ಟು ನೆತ್ತಿಗೇರಿದರೆ ನನಗೆ ತಮಿಳೂ ಬರುವುದಿಲ್ಲ, ಕಾನ್ವೆಂಟಿನ ಇಂಗ್ಲಿಷೂ ಬರುವುದಿಲ್ಲ. ಬರುವುದು ಅಮ್ಮನ ಕನ್ನಡ. ಅದರಲ್ಲೇ ಚೆನ್ನಾಗಿ ಬೈದೆ. ಮೇಲಿನ ಮೂರು ಮಹಡಿಯ ಬಾಲ್ಕನಿಗಳಲ್ಲಿ ತಲೆಗಳು ಮೂಡಿದವು. ಒಳಗಿಂದ ಮಗಳು ಓಡಿ ಬಂದು, "ಅಮ್ಮಾ, ಬೀನ್ಸ್ ತಾನೇ, ಆನ್‌ಲೈನ್‌ಲಿ ಬೀಜ ಸಿಗತ್ತೆ, ಬಿಪಿ ಏರಿಸ್ಕೋಬೇಡ" ಅಂದಳು. ಅಪ್ಪನ ದನಿ, ಅದೇ ಕೊತ್ವಾಲ್ ಚಾವಡಿ. ಅವಳಿಗೂ ಬಿತ್ತು ಎರಡು ಮಾತು.

ಕಯಲ್‌ಗೆ ಕನ್ನಡ ತಿಳಿಯದು, ಬೈಗುಳ ಮಾತ್ರ ತಿಳಿಯಿತು. ನಾನು ಉಸಿರು ತೆಗೆದುಕೊಂಡು ತಮಿಳಿನಲ್ಲಿ ಕೇಳಿದೆ: "ಆಟಮ್ ಅಂದ್ರೆ ಏನಮ್ಮ?"

"ಎಲೆ ಉದುರೋ ಸೀಸನ್, ಪಾಟಿ."

"ಎಲ್ಲಿ?"

ಅವಳು ಸುತ್ತ ನೋಡಿದಳು. ಬೇವು, ಸೀಬೆ, ಗೋಡೆಯ ಪಾಚಿ. "ಹೆಡ್ ಆಫೀಸ್‌ಲ" ಅಂದಳು ಮೆಲ್ಲಗೆ. ಬಾಲ್ಕನಿಯೊಂದರಲ್ಲಿ ಯಾರೋ ನಕ್ಕರು. ನಾನು ನಗಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಊರಲ್ಲಿ ತನ್ನ ಪಾಟಿಯೂ ಆಡಿಯಲ್ಲೇ ಅವರೆ ಬಿತ್ತುತ್ತಾಳೆ, ಇದು ಹೂವಿನ ಹೊತ್ತು ಅಂತ ತನಗೂ ಗೊತ್ತಿತ್ತು ಅಂದಳು. ಗೊತ್ತಿದ್ದೂ ಕತ್ತರಿಸಿದೆಯಲ್ಲೇ! ನನಗೆ ಇನ್ನೂ ಉರಿಯಿತು. ಪಾಪದ ಹುಡುಗಿ, ಸಮಾಧಾನ ಮಾಡಲು ನೋಡಿದಳು: "ಸಾರಿ ಪಾಟಿ. ಈ ಚಪ್ಪರಾನೂ ತೆಗೆದುಬಿಡ್ತೀನಿ. ಇಲ್ಲಿ ಚಂದದ ಕ್ರೋಟನ್ಸ್ ಕುಂಡ ಇಡೋಣ." ಎಂದು ಒಂದು ಗಳಕ್ಕೆ ಕೈ ಹಾಕಿದಳು.

"ಕೈ ತೆಗಿ!" ಎಂದೆ. "ಚಪ್ಪರ ಇರ್ಲಿ. ಬೋಳಾಗೇ ಇರ್ಲಿ. ನೀನು ಬಂದಾಗೆಲ್ಲ ಅದನ್ನ ನೋಡ್ಬೇಕು."

ಮಾತು ಬಾಯಿಂದ ಬಿದ್ದ ಮೇಲೆ ನಾನು ಅಲ್ಲೇ ತೊಳೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಒಂಬತ್ತು ವರ್ಷ. ಒಂಬತ್ತು ಐಪಸಿ. ಹೊಸ ಹಗ್ಗ. ದುಃಖವಂತೆ! ಸೇಂಟ್ ಅಂತೆ! ಅಮ್ಮ ನನ್ನ ಮೇಲೆ ಸಿಟ್ಟಾಗಿದ್ದಳು. ದಿನಾ ನಾನು ಹಾಯುವ ದಾರಿಯಲ್ಲಿ ಅದನ್ನು ನಿಲ್ಲಿಸಿದ್ದಳು, ಗಾಳಿಗೆ ಸಡಿಲವಾಗದ ಹಾಗೆ ವರ್ಷ ವರ್ಷವೂ ಬಿಗಿದಿದ್ದಳು. ಇಂಗ್ಲಿಷ್ ಪುಸ್ತಕದಲ್ಲಿದ್ದದ್ದನ್ನೆಲ್ಲ ಓದಿದ ನನಗೆ ಅದೊಂದನ್ನು ಓದಲು ಬರಲಿಲ್ಲ.

ನನ್ನ ಔಷಧದ ಶೀಸೆಯೊಂದರಲ್ಲಿ, ಬೂದಿಯ ನಡುವೆ, ಹೋದ ವರ್ಷದ ಒಂಬತ್ತು ಬೀಜ ಉಳಿದಿವೆ. ಅಷ್ಟು ಬುದ್ಧಿ ಬಂದಿತ್ತು. ಆದರೆ ಈ ವರ್ಷ ಬಳ್ಳಿ ಕಲಿತದ್ದೆಲ್ಲ ಹೋಯಿತು, ಮತ್ತೆ ಹಿಂದಿನ ಕ್ಲಾಸಿಗೆ. ಎಪ್ಪತ್ತಾರರ ವಯಸ್ಸಿನಲ್ಲಿ ಒಂದು ವರ್ಷ ಹಿಂದಕ್ಕೆ ಹೋಗುವುದೆಂದರೆ ಏನೆಂದು ಆ ಹೆಡ್ ಆಫೀಸಿಗೆ ಯಾರು ಹೇಳುತ್ತಾರೆ?

ಮಧ್ಯಾಹ್ನ ಮೋಡ ಕವಿಯಿತು. ಕಯಲ್ ಇನ್ನೂ ಮುಂದಿನ ತೋಟದಲ್ಲಿದ್ದಳು. ಕರೆದೆ. ಅವಳ ಕೈಗೆ ಹೊಸ ತೆಂಗಿನ ಹಗ್ಗ ಕೊಟ್ಟು, "ಗಂಟೆಲ್ಲ ಬಿಗಿ" ಎಂದೆ.

"ಖಾಲಿ ಚಪ್ಪರಕ್ಕೆ ಯಾಕೆ ಪಾಟಿ?"

"ಬಿಗಿ. ಹೇಳ್ತೀನಿ."

ಅವಳು ಬಿಗಿದಳು, ನಾನು ಹೇಳಿದೆ. ಅಮ್ಮ ಆಡದೇ ಬಿಟ್ಟದ್ದನ್ನೆಲ್ಲ, ಬಾಲ್ಕನಿಗಳಿಗೂ ಕೇಳುವಷ್ಟು ಜೋರಾಗಿ. ಕತ್ತರಿ ಹಿಡಿದಿದ್ದವಳು ನಾನೇ ಎಂಬುದನ್ನೂ. ಕೊನೆಯ ಗಂಟಿಗೆ ಬರುವಾಗ ದಪ್ಪ ಹನಿ ಶುರುವಾಯಿತು. ಶೀಸೆ ತೋರಿಸಿದೆ. ಬೀಜವನ್ನು ಈಗಲೇ ಹಾಕೋಣವೇ ಎಂದು ಕೇಳಿದಳು.

"ಆಡಿಯಲ್ಲಿ" ಎಂದೆ. "ನೀನೇ ಬಂದು ಹಾಕ್ಬೇಕು. ಅಲ್ಲಿವರೆಗೂ ನಾನು ನಿನ್ನ ಮೇಲೆ ಸಿಟ್ಟಾಗೇ ಇರ್ತೀನಿ, ಗೊತ್ತಾಯ್ತಾ?"

"ಸರಿ ಪಾಟಿ" ಅಂದಳು.

ಈಗ ಮಳೆ ಜೋರಾಗಿದೆ. ಕಿಟಕಿಯಿಂದ ನೋಡುತ್ತಿದ್ದೇನೆ. ಮೇಲೆ ಉಳಿದ ಎಲೆ ಬಾಡಿ ಜೋತಿದೆ. ಚಪ್ಪರ ಅಲುಗುತ್ತಿಲ್ಲ.