ಕಹಳೆಯ ಮಗಳು

ನಮ್ಮ ಕೋರ್ಟಿನಲ್ಲಿ ಕೇಸು ಕೂಗುವ ಜವಾನನಿಗೆ ಕಹಳೆ ಎಂಬ ಅಡ್ಡಹೆಸರು ಇಟ್ಟವರು ಯಾರೋ, ಯೋಚಿಸಿಯೇ ಇಟ್ಟಿದ್ದಾರೆ. ಆತ ಬಾಗಿಲಲ್ಲಿ ನಿಂತು, ಹೊರಗೆ ಮುಖ ಮಾಡಿ ಕಕ್ಷಿದಾರರ ಹೆಸರು ಕೂಗಿದರೆ ಅದು ಕಾರಿಡಾರು ದಾಟಿ, ಮೆಟ್ಟಿಲಿಳಿದು, ಗೇಟಿನ ಪಕ್ಕದ ಟೀ ಅಂಗಡಿಯಲ್ಲಿ ಹರಟೆ ಹೊಡೆಯುತ್ತಿದ್ದ ವಕೀಲರ ಎದೆ ಧಸಕ್ಕೆನ್ನಿಸುತ್ತಿತ್ತು. ಮೂರು ಸಲ ಕೂಗುವುದು ಪದ್ಧತಿ. ಮೂರನೆಯ ಕೂಗಿಗೂ ಬಾರದಿದ್ದರೆ ಕೇಸು ವಜಾ. ಹಾಗಾಗಿ ಆತನ ಗಂಟಲಿನ ಮೇಲೆ ಎಷ್ಟೋ ಜನರ ಮನೆಮಠ ನಿಂತಿತ್ತು ಎಂದರೂ ತಪ್ಪಲ್ಲ.

ಇಂಥ ಗಂಟಲಿನ ಮನುಷ್ಯನ ಒಬ್ಬಳೇ ಮಗಳಿಗೆ ಕಿವಿ ಕೇಳಿಸುವುದಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರ ಹೋಗುವಾಗ ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅಷ್ಟರಲ್ಲಿ ಮಾತು ಬಂದಿತ್ತು, ಅದು ಉಳಿಯಿತು. ಎದುರಿನವರ ಮುಖ, ತುಟಿ ನೋಡಿ ಮಾತು ತಿಳಿಯುವುದನ್ನು ಹುಡುಗಿ ತಾನೇ ಕಲಿತಳು. ಮನೆಯವರೂ ಕಲಿತರು. ಆ ಮನೆಯಲ್ಲಿ ಯಾರೂ ಬೆನ್ನು ಹಾಕಿ ಮಾತಾಡುವ ಹಾಗಿಲ್ಲ. ತಾಯಿಗೆ ಮಗಳನ್ನು ಬೈಯಬೇಕಾದರೂ ಒಲೆ ಸಣ್ಣಗೆ ಮಾಡಿ, ಸೌಟು ಕೆಳಗಿಟ್ಟು, ಎದುರಿಗೆ ಬಂದು ನಿಲ್ಲಬೇಕು. ಅಷ್ಟರಲ್ಲಿ ಅರ್ಧ ಕೋಪ ಇಳಿದಿರುತ್ತಿತ್ತು. ಇಷ್ಟು ಕಡಿಮೆ ಬೈಗುಳದ ಮನೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಶಾಲೆ ಬಿಟ್ಟ ಮೇಲೆ ಅವಳು ಕೋರ್ಟಿನ ಕಿಟಕಿಯ ಬಳಿ ಅಪ್ಪನಿಗೆ ಕಾಯುತ್ತಾ ಕೂರುತ್ತಿದ್ದಳು. ಒಳಗೆ ವಕೀಲರು ವಾದಿಸುವುದನ್ನು ಗಾಜಿನಾಚೆಯಿಂದ ನೋಡುತ್ತಿದ್ದಳು. ಒಂದು ದಿನ ಅಪ್ಪನಿಗೆ ಹೇಳಿದಳಂತೆ: "ಅಪ್ಪಾ, ಇವರಲ್ಲಿ ಅರ್ಧ ಜನ ಸುಳ್ಳು ಹೇಳೋವಾಗ ಕೋಟಿನ ಗುಂಡಿ ತಿರುವ್ತಾರೆ. ನಾನು ಇವರಿಗಿಂತ ಚೆನ್ನಾಗಿ ಮಾಡ್ತೀನಿ." ಕಹಳೆ ನಕ್ಕ. ಮಗಳು ನಗಲಿಲ್ಲ. ಕಾನೂನು ಓದಿದಳು, ಪಾಸಾದಳು, ಕರಿ ಕೋಟು ಹಾಕಿದಳು.

ಆಮೇಲೆ ಶುರುವಾಯಿತು ನೋಡಿ ನಮ್ಮವರ ಬಣ್ಣ. ಹೊಸ ವಕೀಲರು ಯಾರಾದರೂ ಹಿರಿಯರ ಕಚೇರಿ ಸೇರಿ ಕೆಲಸ ಕಲಿಯಬೇಕು. ಹಿರಿಯರು ಕೇಳುವ ಮೊದಲ ಪ್ರಶ್ನೆ, ಏನು ಓದಿದ್ದೀ ಅಂತಲ್ಲ, ಯಾರ ಮಗಳು ಅಂತ. ವಕೀಲರ ಮಗನಿಗೆ ಕುರ್ಚಿ, ಅಳಿಯನಿಗೆ ಫ್ಯಾನಿನ ಕೆಳಗಿನ ಕುರ್ಚಿ. ಜವಾನನ ಮಗಳು ಎಂದ ಕೂಡಲೇ ಅರ್ಧ ಬಾಗಿಲು ಮುಚ್ಚುತ್ತಿತ್ತು. ಕಿವಿಯ ಸಂಗತಿ ಗೊತ್ತಾದ ಮೇಲೆ ಪೂರ್ತಿ. ಒಬ್ಬರು ಬಹಳ ಪ್ರೀತಿಯಿಂದ, "ಮನೇಲೇ ಕೂತು ಡ್ರಾಫ್ಟ್ ಬರೀಬಹುದಲ್ಲಮ್ಮಾ" ಎಂದರಂತೆ. ಆ ಮಹಾನುಭಾವರ ಮೀಸೆ ತುಟಿಯ ಮೇಲೆ ಪರದೆಯ ಹಾಗೆ ಇಳಿದಿದೆ, ಬಾಯಿ ತೆರೆದರೆ ಕಿವಿ ನೆಟ್ಟಗಿರುವ ನನಗೇ ಏನೂ ತಿಳಿಯುವುದಿಲ್ಲ. ಕುಣಿಯಲಾರದವರು ನೆಲ ಡೊಂಕು ಎಂದ ಹಾಗೆ, ತಾವು ಗೊಣಗಿ ಇನ್ನೊಬ್ಬರ ಕಿವಿಗೆ ಹೆಸರಿಡುವುದು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ವಾರವಷ್ಟೇ ನನ್ನ ಜೂನಿಯರ್ ಒಬ್ಬನನ್ನು ಮನೆಗೆ ಕಳಿಸಿದ್ದೆ. ದೊಡ್ಡವರ ಸೋದರಳಿಯ. ಹೇಳಿದ್ದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ. ಜೆರಾಕ್ಸ್ ಅಂಗಡಿಯ ಮೇಲಿರುವ ನನ್ನ ಕೋಣೆಗೆ ಈ ಹುಡುಗಿ ಮೆಟ್ಟಿಲು ಹತ್ತಿ ಬಂದು, "ಮೇಡಂ, ಮೊದ್ಲೇ ಹೇಳ್ಬಿಡ್ತೀನಿ, ನಂಗೆ ಕೇಳ್ಸಲ್ಲ" ಎಂದಾಗ, "ಎರಡು ಕಿವಿ ಇದ್ದೋನು ಏನು ಕಡಿದು ಕಟ್ಟೆ ಹಾಕ್ದ? ಕೂತ್ಕೋ" ಎಂದೆ. ಅವಳು ನಕ್ಕಾಗ ಮುಂದಿನ ಹಲ್ಲು ಸ್ವಲ್ಪ ಓರೆ ಇರುವುದು ಕಂಡಿತು. ನನಗೆ ಅವಳು ಆಗಲೇ ಇಷ್ಟವಾದಳು.

ಕೆಲಸದಲ್ಲಿ ಜಾಣೆ. ಆದರೆ ಕೋರ್ಟಿನೊಳಗೆ ತೊಡಕು ಒಂದೇ. ನಮ್ಮ ಸಾಹೇಬರು, ಅಂದರೆ ನ್ಯಾಯಾಧೀಶರು, ಒಳ್ಳೆಯವರೇ, ಆದರೆ ಮಾತಾಡುವುದು ಎದುರಿನ ಫೈಲಿನ ಜೊತೆ. ತಲೆ ಬಗ್ಗಿಸಿ ಪ್ರಶ್ನೆ ಕೇಳುತ್ತಾರೆ. ತಲೆ ಎತ್ತಿ ಎಂದು ಅವರಿಗೆ ಹೇಳುವುದುಂಟೇ? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನು ಪಕ್ಕದಲ್ಲಿ ನಿಂತು ಅವರ ಪ್ರಶ್ನೆಯನ್ನು ಅವಳ ಕಡೆ ತಿರುಗಿ ಮೆಲ್ಲಗೆ ಹೇಳುತ್ತಿದ್ದೆ. ಹೊರಗಿನವರಿಗೆ ಹಿರಿಯಳು ಸಲಹೆ ಕೊಡುತ್ತಿದ್ದಾಳೆ ಎನ್ನಿಸುತ್ತಿತ್ತು. ಹಾಗೆ ಎಷ್ಟು ದಿನ ನಡೆದೀತು?

ಅಷ್ಟರಲ್ಲಿ ಟೈಲರಮ್ಮನ ಕೇಸು ಬಂತು. ಸಣ್ಣ ಮಳಿಗೆಯಲ್ಲಿ ಒಂದು ಹೊಲಿಗೆ ಮೆಷಿನ್ ಇಟ್ಟುಕೊಂಡು ಜೀವನ ಮಾಡುವ ಹೆಂಗಸು. ಮಗನ ವ್ಯಾಪಾರಕ್ಕೆ ಬೇಕು, ಖಾಲಿ ಮಾಡಿಸಿಕೊಡಿ ಎಂದು ಮಾಲೀಕ ಕೋರ್ಟಿಗೆ ಹೋಗಿದ್ದ. ಕಹಳೆಯ ಮಗಳು ಒಬ್ಬಳೇ ನಿಂತು ವಾದಿಸಿದರೆ ಒಪ್ಪಿಗೆಯೇ ಎಂದು ಟೈಲರಮ್ಮನನ್ನು ಕೇಳಿದೆ. "ಮೆಷಿನ್ ಸದ್ದಿಗೆ ನಂದೂ ಅರ್ಧ ಕಿವಿ ಹೋಗಿದೆ ಕಣ್ರೀ ಮೇಡಂ. ಇಬ್ರೂ ಸೇರಿ ಒಂದು ಕೈ ನೋಡ್ತೀವಿ" ಎಂದಳು.

ವಕೀಲರ ಕೋಣೆಯಲ್ಲಿ ಗುಸುಗುಸು ಆಗಲೇ ಎದ್ದಿತ್ತು. ಇವಳು ಇಲ್ಲಿ ತಡವರಿಸಿದರೆ ಮುಗಿಯಿತು, ಮುಂದೆ ಯಾವ ಕಕ್ಷಿದಾರನೂ ಅವಳನ್ನು ನಂಬಿ ಫೈಲು ಕೊಡುವುದಿಲ್ಲ, ಜೀವಮಾನವಿಡೀ ಇನ್ನೊಬ್ಬರ ಹೆಸರಿನಲ್ಲಿ ಡ್ರಾಫ್ಟ್ ಬರೆಯುವುದೇ ಗತಿ. ಅದು ಅವಳಿಗೂ ಗೊತ್ತಿತ್ತು. "ನಾನು ಹಿಂದಿನ ಬೆಂಚಲ್ಲಿ ಕೂತಿರ್ತೀನಿ. ತುಟಿ ಪಿಟ್ ಅನ್ನಲ್ಲ" ಎಂದೆ. ಅವಳು ತಲೆಯಾಡಿಸಿದಳು.

ಅಪ್ಪ ಕೂಗುವ ಹಾಲ್‌ನಲ್ಲಿ ಅವಳು ನನ್ನ ಪಕ್ಕ ನಿಲ್ಲುತ್ತಿದ್ದಳಷ್ಟೇ, ತಾನಾಗಿ ಕೇಸು ಹಿಡಿಯುತ್ತಿರಲಿಲ್ಲ. ಈ ಕೇಸೂ ಪಕ್ಕದ ಹಾಲ್‌ನದು. ಆದರೆ ಅವತ್ತು ಅಲ್ಲಿನ ನ್ಯಾಯಾಧೀಶರು ರಜೆ, ಅವರ ಕೇಸುಗಳೆಲ್ಲ ನಮ್ಮ ಸಾಹೇಬರ ಮುಂದೆ ಬಂದವು. ತಂದೆ ಬಾಗಿಲಲ್ಲಿ, ಮಗಳು ವಕೀಲರ ಮೇಜಿನ ಮುಂದೆ. ಕೇಸು ಬಂತು. ಮಾಲೀಕನೂ ಇಲ್ಲ, ಅವನ ವಕೀಲರೂ ಇಲ್ಲ. ಕರೆಯಿರಿ ಎಂದು ಸಾಹೇಬರು ಕೈಸನ್ನೆ ಮಾಡಿದರು. ಕಹಳೆ ಮೂರು ಸಲ ಕೂಗಿದ. ಗೋಡೆ ಗುಂಯ್‌ಗುಟ್ಟಿತು. ಯಾರೂ ಬರಲಿಲ್ಲ. ಸಾಹೇಬರು ಪೆನ್ನು ತೆಗೆದುಕೊಂಡರು.

ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎಂದುಕೊಂಡೆ. ಕೇಸು ವಜಾ, ಟೈಲರಮ್ಮನ ಅಂಗಡಿ ಭದ್ರ, ಹುಡುಗಿ ಒಂದು ಮಾತೂ ಆಡದೆ ಗೆದ್ದಳು. ಟೈಲರಮ್ಮನ ಮುಖ ಅರಳಿತ್ತು. ಆಗ ನನ್ನ ಹುಡುಗಿ ಬಾಯಿ ತೆರೆದಳು.

"ಸ್ವಾಮಿ, ಕೂಗಿದ್ದು ಹೊರಗಡೆಯವರಿಗೆ ಕೇಳಿಲ್ಲ."

ನಾವೆಲ್ಲ ಅವಳನ್ನೇ ನೋಡಿದೆವು. ಕೋರ್ಟಿನಲ್ಲಿ ಯಾರಿಗೆ ಏನು ಕೇಳಿಸಿತು ಎಂದು ಹೇಳುತ್ತಿರುವವಳು ಇವಳು! ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಎಂದಿನಂತೆ ಫೈಲಿಗೆ ಏನೋ ಕೇಳಿದರು. ಅವಳಿಗೆ ಕಂಡದ್ದು ಅವರ ನೆತ್ತಿ ಮಾತ್ರ. ಸಾಹೇಬರು ಮತ್ತೆ ಕೇಳಿದರು, ಮತ್ತೆ ಫೈಲಿಗೇ. ನನಗೆ ಎದ್ದು ಹೋಗಿ ಪಕ್ಕದಲ್ಲಿ ನಿಲ್ಲುವ ಹಾಗಾಯಿತು. ಕೊಟ್ಟ ಮಾತು ನೆನೆದು ಬೆಂಚಿನ ಅಂಚು ಹಿಡಿದು ಕೂತೆ.

"ಸ್ವಾಮಿ, ದಯವಿಟ್ಟು ತಲೆಯೆತ್ತಿ ಹೇಳ್ಬೇಕು. ನಂಗೆ ಕಿವಿ ಕೇಳ್ಸಲ್ಲ. ಮುಖ ಕಂಡ್ರೆ ಮಾತ್ರ ತಿಳಿಯುತ್ತೆ."

ತೆರೆದ ಕೋರ್ಟಿನಲ್ಲಿ ಅವಳು ಅದನ್ನು ಹೇಳಿದ್ದು ಅದೇ ಮೊದಲು. ಸಾಹೇಬರು ತಲೆ ಎತ್ತಿದರು. ಕನ್ನಡಕ ತೆಗೆದು ಬದಿಗಿಟ್ಟು, ನಿಧಾನವಾಗಿ ಕೇಳಿದರು: "ಹೊರಗೆ ಕೇಳಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತಮ್ಮಾ?"

"ಕೂಗಿದವರ ಮುಖ ನನ್ನ ಕಡೆ ಇತ್ತು ಸ್ವಾಮಿ. ಕಾರಿಡಾರಿಗೆ ಬೆನ್ನು ಹಾಕಿದ್ರು." ಅವಳು ಬಾಗಿಲ ಕಡೆ ನೋಡಿ, ಮತ್ತೆ ಸಾಹೇಬರತ್ತ ತಿರುಗಿದಳು. "ಅವರು ನಮ್ಮಪ್ಪ. ಮನೇಲಿ ಹಾಗೇ ರೂಢಿ. ಬೇಕಂತ ಮಾಡಿದ್ದಲ್ಲ."

ಆಗಲೇ ನಮಗೆಲ್ಲ ಹೊಳೆದದ್ದು. ಅಷ್ಟು ಜೋರಾಗಿ ಕೇಳಿಸಿತ್ತಲ್ಲ, ಅದಕ್ಕೇ ಕಿವಿ ಇದ್ದವರಾರೂ ಆತ ಯಾವ ಕಡೆ ತಿರುಗಿದ್ದಾನೆಂದು ನೋಡಿರಲಿಲ್ಲ. ಕಹಳೆಯ ಮುಖ ಬೂದಿಯಾಗಿತ್ತು. ಅಷ್ಟು ವರ್ಷದ ನೌಕರಿಯಲ್ಲಿ ಒಮ್ಮೆಯೂ ತಪ್ಪಿದವನಲ್ಲ. "ತಪ್ಪಾಯ್ತು ಸ್ವಾಮಿ, ನಂಗೇ ಗೊತ್ತಾಗಲಿಲ್ಲ" ಎಂದು ಕೈ ಮುಗಿದ. ಅವಳು ಸುಮ್ಮನಿದ್ದಿದ್ದರೆ ಕೇಸನ್ನೂ ಗೆಲ್ಲುತ್ತಿದ್ದಳು, ಅಪ್ಪನ ಮಾನವೂ ಉಳಿಯುತ್ತಿತ್ತು. ಆದರೆ ಅಪ್ಪ ಕೂಗಿದ, ಮಗಳು ಗೆದ್ದಳು ಎನ್ನುವ ಮಾತು ಅವಳ ಕೋಟಿಗೆ ಅಂಟಿದರೆ ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಅವಳನ್ನು ಕಂಡು ನನಗೆ ಹೆಮ್ಮೆಯಾಯಿತು, ಅಳುವೂ ಬಂತು.

"ಹೊರಗೆ ತಿರುಗಿ ಇನ್ನೊಂದು ಸಲ ಕೂಗಪ್ಪಾ" ಎಂದರು ಸಾಹೇಬರು, ಮೆತ್ತಗೆ.

ಕಹಳೆ ಮಗಳಿಗೆ ಬೆನ್ನು ಹಾಕಿ ಕೂಗಿದ. ಮಾಲೀಕನ ವಕೀಲರು ಕೋಟಿಗೆ ಒಂದು ತೋಳು ಸೇರಿಸಿ, ಇನ್ನೊಂದನ್ನು ಹುಡುಕುತ್ತಾ ಓಡಿ ಬಂದರು, ಹಿಂದೆಯೇ ಮಾಲೀಕನೂ ಬಂದ. ನಡೆದದ್ದು ತಿಳಿದ ಮೇಲೆ ಆ ವಕೀಲರು, ಯಾರೂ ಹೇಳದೆಯೇ, ಅವಳ ಕಡೆ ಪೂರ್ತಿ ತಿರುಗಿ ವಾದಿಸಿದರು. ಅವಳು ಮಾಲೀಕನಿಗೆ ಕೇಳಿದ್ದು ಸರಳ ಪ್ರಶ್ನೆ. ಪಕ್ಕದ ಮಳಿಗೆಯೂ ನಿಮ್ಮದೇ, ಬೀಗ ಹಾಕಿ ಖಾಲಿ ಬಿದ್ದಿದೆ, ಮಗನಿಗೆ ಅದು ಏಕೆ ಆಗುವುದಿಲ್ಲ? ಮಾಲೀಕ ತನ್ನ ವಕೀಲರ ಮುಖ ನೋಡಿದ, ವಕೀಲರು ಫ್ಯಾನು ನೋಡಿದರು. ಸಾಹೇಬರು ಆದೇಶವನ್ನು ಅಲ್ಲೇ ಹೇಳಿ ಬರೆಸಿದರು. ಒಂದೆರಡು ಸಲ ಅಭ್ಯಾಸಬಲದಿಂದ ತಲೆ ಬಗ್ಗಿತು, ತಾವೇ ನೆನಪು ಮಾಡಿಕೊಂಡು ಎತ್ತಿದರು. ಟೈಲರಮ್ಮನ ಅಂಗಡಿ ಉಳಿಯಿತು.

ಮಧ್ಯಾಹ್ನ ಕಾರಿಡಾರಿನ ಕಂಬದ ಬಳಿ ಅಪ್ಪ ಮಗಳು ನಿಂತಿದ್ದರು. ಸಾಹೇಬರು ಆತನಿಗೆ ಎಚ್ಚರಿಕೆಯ ಮಾತು ಹೇಳಿ ಬಿಟ್ಟಿದ್ದರು. ಅದರ ನೋವಿಗಿಂತ ಬೇರೆಯದೇ ಆತನ ಮುಖದಲ್ಲಿತ್ತು.

"ನಿಂಗೆ ಬೆನ್ನು ತಿರುಗ್ಸಿ ಕೂಗೋಕೆ ನನ್ನ ಕೈಲಿ ಆಗಲ್ಲ ಕಣಮ್ಮಾ. ನೀನು ಅಲ್ಲಿ ಒಬ್ಳೇ ನಿಂತಿದ್ದೆ. ನಾನೂ ಹೇಳ್ದಿದ್ರೆ ನಿಂಗ್ಯಾರು ಹೇಳ್ತಾರೆ?"

ಅವಳು ಅಪ್ಪನ ಎರಡೂ ಕೈ ಹಿಡಿದುಕೊಂಡಳು.

"ನೀನು ಹೊರಗಡೆಯವರಿಗೆ ಕೂಗು ಅಪ್ಪಾ. ನಂಗೆ ಹೇಳೋದು ಕೋರ್ಟಿನ ಕೆಲಸ. ಇವತ್ತು ಹೇಳ್ತಲ್ಲ."

ಕಹಳೆ ಏನೋ ಹೇಳಹೊರಟ. ದನಿ ಹೊರಡಲಿಲ್ಲ, ತುಟಿ ಮಾತ್ರ ಆಡಿತು. ನನಗೇನೂ ತಿಳಿಯಲಿಲ್ಲ. ಅವಳು ಮಾತ್ರ ಹೂಂ ಎಂದಳು.