ಹುಳುಮನೆಗೂ ಫಾರ್ಮ್‌ಹೌಸಿಗೂ ನಡುವೆ

ಬಾಡಿಗೆ ಮನೆ ಕೇಳಲು ಹೋದ ದಿನ ಮನೆಯೊಡತಿ ಜಯಮ್ಮ ನನ್ನ ಆಧಾರ್ ಕೇಳಲಿಲ್ಲ, ಜಾತಿಯನ್ನೂ ಕೇಳಲಿಲ್ಲ. ಹತ್ತಿರ ಬಂದು ನನ್ನ ಸೆರಗು ಮೂಸಿ ನೋಡಿದಳು. ಪೌಡರ್ ವಾಸನೆ ಅಂತ ಮೂಗು ಮುರಿದು, ಮೈ ತೊಳೆದುಕೊಂಡು ಬನ್ನಿ ಅಂದಳು. ಐವತ್ತು ದಾಟಿದ ಇಂಗ್ಲಿಷ್ ಮೇಡಂಗೆ ಸಿಕ್ಕ ಮರ್ಯಾದೆ ಇದು.

ಜಯನಗರದ ನನ್ನ ಹಳೇ ನೆರೆಹೊರೆಯವರೇ, ನಾನೀಗ ರಾಮನಗರದಾಚೆ, ಕೈಲಾಂಚದ ಹತ್ತಿರದ ಒಂದು ಹಳ್ಳಿಯಲ್ಲಿದ್ದೇನೆ. ನೇಚರ್ ಹತ್ತಿರ ಹೋದೆಯಲ್ಲ, ಲಕ್ಕಿ ಅಂತ ಮೆಸೇಜು ಹಾಕುತ್ತೀರಿ. ನಿಮ್ಮ ಲಕ್ಕಿಗಿಷ್ಟು ಬೆಂಕಿ ಹಾಕ. ಪಾಠ ಮಾಡುತ್ತಿದ್ದ ಶಾಲೆ ಮುಚ್ಚಿತು, ಇದ್ದ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದರು. ಅಲ್ಲಿನ ಬಾಡಿಗೆ ಕಟ್ಟುವ ತಾಕತ್ತು ನಮ್ಮಂಥ ಮಧ್ಯಮ ವರ್ಗಕ್ಕೆ ಉಳಿದಿಲ್ಲ. ನಿಮಗೂ ಇಲ್ಲ, ಕಾರ್ಡು ಉಜ್ಜಿಕೊಂಡು ಇದೆ ಅಂದುಕೊಂಡಿದ್ದೀರಿ, ಅಷ್ಟೇ.

ಇಲ್ಲಿ ನನ್ನ ಪಕ್ಕದ ಕೋಣೆಯಲ್ಲಿ ರೇಷ್ಮೆ ಹುಳ. ಅದನ್ನೇ ಇವರು ಬೆಳೆ ಅನ್ನುತ್ತಾರೆ. ಹುಳ ಇರುವಾಗ ಪೌಡರು, ಊದುಬತ್ತಿ, ಸೊಳ್ಳೆಬತ್ತಿ ಏನೂ ಕೂಡದು; ವಾಸನೆ, ಹೊಗೆ ಹುಳಕ್ಕಾಗದು. ಅಕ್ಕಪಕ್ಕದ ಹೊಲದವರೂ ಔಷಧಿ ಹೊಡೆಯುವ ಮುಂಚೆ ಬಂದು ಕೇಳಿಕೊಂಡು ಹೋಗುತ್ತಾರೆ. ಜಯನಗರದಲ್ಲಿ ನಮ್ಮ ಮೇಲಿನ ಮನೆಯವನು ಕುಡಿಯುವ ನೀರಿನ ವಾಲ್ವನ್ನೇ ಹೇಳದೆ ಕೇಳದೆ ತಿರುಗಿಸುತ್ತಿದ್ದ. ನಾನು ಸೊಳ್ಳೆ ಕಡಿಸಿಕೊಂಡು ನಿದ್ದೆ ಮಾಡುವುದನ್ನು ಕಲಿತೆ, ಮುದ್ದೆ ನುಂಗುವುದನ್ನೂ ಕಲಿತೆ. ಸಂಜೆ ಹೊತ್ತು ಮಾತಿಗೆ ಯಾರೂ ಇಲ್ಲದಿರುವುದು ಮಾತ್ರ ಇನ್ನೂ ಅಭ್ಯಾಸವಾಗಿಲ್ಲ.

ಬೇಲಿಯಾಚೆ ಬೆಂಗಳೂರಿನ ದೊಡ್ಡ ಕುಳವೊಬ್ಬನ ಫಾರ್ಮ್‌ಹೌಸ್. ವಾರಕ್ಕೊಮ್ಮೆ ಬಂದು ಹುಲ್ಲು ನೋಡಿಕೊಂಡು ಹೋಗಲು ಅವನಿಗೆ ಒಂದು ಊರಿನಷ್ಟು ಜಾಗ ಬೇಕು. ಹೋದ ತಿಂಗಳು ಅಲ್ಲಿ ಪಾರ್ಟಿ ಇತ್ತು. ಬಂದವರಿಗೆ ಸೊಳ್ಳೆ ಕಚ್ಚಬಾರದೆಂದು ಇಡೀ ತೋಟಕ್ಕೆ ಔಷಧಿ ಹೊಗೆ ಬಿಡುತ್ತಾರಂತೆ ಅಂತ ಸುದ್ದಿಯಾಯಿತು. ಜಯಮ್ಮನ ಹುಳ ಇನ್ನೇನು ಗೂಡು ಕಟ್ಟುವುದರಲ್ಲಿದ್ದವು; ಆ ಹೊಗೆ ಈ ಕಡೆ ಬೀಸಿದರೆ ಅಷ್ಟೂ ಸಾಯುತ್ತವೆ. ಬೇಡಿಕೊಳ್ಳಲು ಹೋದ ಅವಳ ಗಂಡನನ್ನು ಕಾವಲುಗಾರನೇ ಗದರಿಸಿ ಕಳಿಸಿದ್ದ.

"ನೀವು ಅವ್ರ ಕಡೆಯೋರು ತಾನೆ? ಒಸಿ ಹೋಗಿ ಯೋಳಿ ಮೇಡಂ, ಬೆಳೆ ಕೆಟ್ಟೋಯ್ತದೆ," ಅಂದಳು ಜಯಮ್ಮ.

ನಾನೂ ಹಾಗೇ ನಂಬಿದ್ದೆ ಅನ್ನಿ. ಇಸ್ತ್ರಿ ಸೀರೆ ಉಟ್ಟು ಹೋದೆ, ಕಾವಲುಗಾರ ಒಳಗೆ ಬಿಟ್ಟ. ಮಾಲೀಕ ಫೋನಿನಿಂದ ಕಣ್ಣೆತ್ತದೆ, "ಅಡುಗೆಗಾ, ಕ್ಲೀನಿಂಗಿಗಾ?" ಅಂದ.

ಮೈ ಉರಿದುಹೋಯಿತು. ಇಂಗ್ಲಿಷಿನಲ್ಲೇ ಚೆನ್ನಾಗಿ ಝಾಡಿಸಿದೆ. ಆ ಮಹಾನುಭಾವನಿಗೆ ಸಿಟ್ಟು ಬರಬೇಕಲ್ಲ, ಬರಲಿಲ್ಲ. ಭಾಷೆ ಚೆನ್ನಾಗಿದೆ, ಪಾರ್ಟಿಗೆ ಬರುವವರನ್ನು ಬಾಗಿಲಲ್ಲಿ ನಿಂತು ಸ್ವಾಗತಿಸಲು ಇಂಥವರೇ ಬೇಕಿತ್ತು ಅಂದ. ಹೊಗೆ ಬಿಡದಿದ್ದರೆ ನಿಲ್ಲುತ್ತೇನೆ ಅಂದೆ. ಆಯ್ತು ಅಂದುಬಿಟ್ಟ. ಒಂದು ಸಂಸಾರದ ಅನ್ನ ಅವನಿಗೆ ಅಷ್ಟು ಸಸಾರ.

ನಿಂತೆ. ಕಂಡಕಂಡವರ ಹಣೆಗೆ ಕುಂಕುಮ ಇಟ್ಟು, ಕೈಗೆ ಎಳನೀರು ಕೊಟ್ಟೆ. ಒಬ್ಬರೂ ನನ್ನ ಮುಖ ನೋಡಲಿಲ್ಲ. ಇತ್ತ ಹುಳ ಉಳಿದವು, ಗೂಡು ಕಟ್ಟಿದವು. ರಾಮನಗರದ ಮಾರ್ಕೆಟ್ಟಿಗೆ ಗೂಡು ಹೋದ ದಿನ ಜಯಮ್ಮ ಕೋಳಿಸಾರು ತಂದುಕೊಟ್ಟು, "ನಿಮ್ಮೋರು ನಿಮ್ ಮಾತ್ ತಗ್ದಾಕ್ನಿಲ್ಲ ನೋಡಿ," ಅಂದಳು. ನಾನು ಹೂಂ ಅಂದೆ.

ಈಗ ಹೊಸ ಹುಳ ಬಂದಿವೆ, ಶನಿವಾರ ಮತ್ತೆ ಪಾರ್ಟಿಯಂತೆ. ಅವನಿಗೆ ನಾನು ಹಳ್ಳಿಯ ಕೆಲಸದವಳು, ಇವಳಿಗೆ ನಾನು ಅವನ ಬಳಗ. ಎರಡೂ ಸುಳ್ಳು. ಆದರೆ ಅವನನ್ನು ತಿದ್ದಿದರೆ ಹೊಗೆ ಬಿಡುತ್ತಾನೆ, ಇವಳನ್ನು ತಿದ್ದಿದರೆ ನನ್ನನ್ನು ಆ ಬಾಗಿಲಿಗೆ ಕಳಿಸಳು; ಯಾವುದನ್ನು ತಿದ್ದಿದರೂ ಸಾಯುವುದು ಹುಳವೇ.